ಕೆಟಿಎಂ ತಗೊಳ್ಳಬೇಕೆಂದಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಹೊಸನಗರದ ತೋಟದ ದಾರಿಗೂ ಆಗಬೇಕು, ಭಾನುವಾರ ಗುಡ್ಡ ಹತ್ತಲಿಕ್ಕೂ ಆಗಬೇಕು ಅಂತ ಕೆಟಿಎಂ ಬೈಕು ಹುಡುಕುತ್ತಿದ್ದೀಯ. ಸೆಕೆಂಡ್ ಹ್ಯಾಂಡ್ 390 ಅಡ್ವೆಂಚರೋ, ಹೊಸ 390 ಎಂಡ್ಯೂರೊ ಆರೋ ಎಂಬುದು ನಿನ್ನ ಪ್ರಶ್ನೆ. ಜೊತೆಗೆ "ಕೆಟಿಎಂ ಅಂದಮೇಲೆ ಕೆಸರಿಗೇ ಹುಟ್ಟಿದ್ದಲ್ವಾ" ಅಂತಲೂ ಬರೆದಿದ್ದೀಯ. ಉತ್ತರ ಅಲ್ಲಿಂದಲೇ ಶುರುವಾಗಬೇಕು ಮಾರಾಯ. ಆ ಕಂಪನಿಯಲ್ಲಿ ಎರಡು ವಂಶ ಇವೆ. ಕೆಸರಿಗೆ ಹುಟ್ಟಿದ್ದು ಒಂದು, ನಮ್ಮ ಶೋರೂಮುಗಳಿಗೆ ಬಂದದ್ದು ಬಹುಪಾಲು ಇನ್ನೊಂದು. ಗಾಡಿ ಯಾವ ವಂಶದ್ದು ಅಂತ ತಿಳಿದರೆ ಅದು ಎಲ್ಲಿ ಕೈ ಕೊಡುತ್ತೆ, ಏನು ಬದಲಿಸಬೇಕು ಎಂಬುದೂ ತಿಳಿಯುತ್ತೆ.

ಆಸ್ಟ್ರಿಯಾದ ಮ್ಯಾಟಿಗ್‌ಹೋಫೆನ್ ಎಂಬ ಸಣ್ಣ ಊರಿನಲ್ಲಿ ಹಾನ್ಸ್ ಟ್ರುಂಕೆನ್‌ಪೋಲ್ಜ್ 1934ರಲ್ಲಿ ರಿಪೇರಿ ವರ್ಕ್‌ಶಾಪ್ ತೆರೆದ. ಮೊದಲ ಬೈಕು ಆರ್100, 1953ರಲ್ಲಿ ಬಂತು. ಸುಮಾರು 20 ಕೆಲಸಗಾರರು, ದಿನಕ್ಕೆ ಮೂರು ಗಾಡಿ. ಅದೇ ವರ್ಷ ಅರ್ನ್ಸ್ಟ್ ಕ್ರೋನ್‌ರೈಫ್ ಪಾಲುದಾರನಾದ. ಇಬ್ಬರ ಹೆಸರೂ ಊರಿನ ಹೆಸರೂ ಸೇರಿ ಕೆಟಿಎಂ ಆಯಿತು. ಆಮೇಲೆ ಮೊಪೆಡ್ಡು, ಸ್ಕೂಟರು. ಆಗ ಅದು ಕಾಡುದಾರಿಯ ಕಂಪನಿ ಆಗಿರಲಿಲ್ಲ.

ಅದನ್ನು ಕಾಡಿಗೆ ಎಳೆದವನು ಒಬ್ಬ ಅಮೆರಿಕದವನು. ಒಹಾಯೊದ ಜಾನ್ ಪೆಂಟನ್. 1960ರ ದಶಕದಲ್ಲಿ ಎಂಡ್ಯೂರೊ, ಅಂದರೆ ಕಾಡುದಾರಿಯ ದೂರದ ರೇಸು, ಓಡಿಸುವವರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಭಾರದ ಬ್ರಿಟಿಷ್ ಬೈಕುಗಳು. ಕಾಡಿನಲ್ಲಿ ಗೆಲ್ಲುವುದು ಹಗುರ ಗಾಡಿಯೇ ಎಂಬುದು ಪೆಂಟನ್ ವಾದ. ತಾನು ಏಜೆನ್ಸಿ ಹಿಡಿದಿದ್ದ ಹಸ್ಕ್‌ವರ್ನಾದವರು ಅಂಥದ್ದನ್ನು ಮಾಡಲು ಒಪ್ಪದಿದ್ದಾಗ ಕೆಟಿಎಂ ಬಾಗಿಲಿಗೆ ಹೋಗಿ, ಮಾದರಿ ಗಾಡಿಗಳಿಗಾಗಿ ತನ್ನದೇ 6,000 ಡಾಲರ್ ಕೊಟ್ಟ. 1968ರಲ್ಲಿ ಸಾಕ್ಸ್ ಕಂಪನಿಯ ಟೂ-ಸ್ಟ್ರೋಕ್ ಎಂಜಿನ್ ಹೊತ್ತ 100 ಮತ್ತು 125 ಸಿಸಿ ಗಾಡಿಗಳು ಅವನ ಹೆಸರಿನಲ್ಲೇ ಅಮೆರಿಕಕ್ಕೆ ಇಳಿದವು. ಮುಂದಿನ ಹತ್ತು ವರ್ಷದಲ್ಲಿ 25,000ಕ್ಕೂ ಹೆಚ್ಚು ಪೆಂಟನ್‌ಗಳು ಮಾರಾಟವಾದವು. ಮುಂದೆ ಕೆಟಿಎಂ ತನ್ನದೇ ಎಂಜಿನ್ ಮಾಡಿತು, 1978ರ ಹೊತ್ತಿಗೆ ಅಲ್ಲೂ ತನ್ನದೇ ಹೆಸರು ಹಾಕಿತು. ಇವತ್ತಿನ ಇಎಕ್ಸ್‌ಸಿ ಸರಣಿಯ, ಅಂದರೆ ಕೆಟಿಎಂನ ಎಂಡ್ಯೂರೊ ರೇಸು ಗಾಡಿಗಳ, ಮೂಲ ಇದು: ಹಗುರ ಗಾಡಿ, ಉದ್ದನೆಯ ಸಸ್ಪೆನ್ಷನ್, ಬಿದ್ದರೆ ಒಬ್ಬನೇ ಎತ್ತುವಂತಿರಬೇಕು. 250, 300 ಸಿಸಿಯ ಟೂ-ಸ್ಟ್ರೋಕ್ ಇಎಕ್ಸ್‌ಸಿಗಳು ಇವತ್ತಿಗೂ 100 ಕೆಜಿಯ ಆಸುಪಾಸಿನಲ್ಲೇ ಇವೆ. 2017ರಲ್ಲಿ ಅವಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂದಮೇಲೆ ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸವೂ ತಪ್ಪಿತು. ಆಯಿಲ್‌ಗೆ ಬೇರೆ ಟ್ಯಾಂಕು.

ಮೋಟೊಕ್ರಾಸ್‌ನ 250 ಸಿಸಿ ವಿಶ್ವ ಪಟ್ಟವನ್ನು ರಷ್ಯಾದ ಗೆನಾಡಿ ಮೊಯಿಸೇವ್ 1974, 77, 78ರಲ್ಲಿ ಕೆಟಿಎಂ ಮೇಲೆ ಗೆದ್ದ. ಆಸ್ಟ್ರಿಯಾದವನೇ ಆದ ಹೈಂಟ್ಸ್ ಕಿನಿಗಾಡ್ನರ್ 1984, 85ರಲ್ಲಿ. 1987ರಲ್ಲಿ ನೀರಿನಿಂದ ತಂಪಾಗುವ, ಒಂದೇ ಸಿಲಿಂಡರಿನ ಫೋರ್-ಸ್ಟ್ರೋಕ್ ಎಂಜಿನ್ ಎಲ್‌ಸಿ4 ಬಂತು. ಇದರ ಮೇಲೆ ಗಮನ ಇರಲಿ. 1991ರಲ್ಲಿ ಕಂಪನಿ ದಿವಾಳಿಯಾಗಿ ರೇಡಿಯೇಟರ್, ಟೂಲ್, ಸೈಕಲ್, ಬೈಕು ಅಂತ ನಾಲ್ಕು ಭಾಗವಾಯಿತು. ಬೈಕಿನ ಭಾಗವನ್ನು ಸ್ಟೆಫಾನ್ ಪೀರರ್ ಎಂಬ ಉದ್ಯಮಿ ಎತ್ತಿ ನಿಲ್ಲಿಸಿದ. 1994ರಲ್ಲಿ ಅದೇ ಎಲ್‌ಸಿ4 ಎಂಜಿನ್ನನ್ನು ಡಾಂಬರು ರಸ್ತೆಯ ಬೈಕಿಗೆ ಇಟ್ಟು ಡ್ಯೂಕ್ ಎಂದು ಹೆಸರಿಟ್ಟರು. ವಂಶ ಕವಲೊಡೆದದ್ದು ಇಲ್ಲಿ. 2007ರಲ್ಲಿ ಬಜಾಜ್ 14.5 ಶೇಕಡಾ ಪಾಲು ಕೊಂಡಿತು, ಪುಣೆ ಹತ್ತಿರದ ಚಾಕಣ್‌ನಲ್ಲಿ ಸಣ್ಣ ಡ್ಯೂಕ್‌ಗಳು ತಯಾರಾದವು, 2012ರಲ್ಲಿ 200 ಡ್ಯೂಕ್, 2013ರಲ್ಲಿ 390 ಡ್ಯೂಕ್ ನಮ್ಮ ರಸ್ತೆಗೆ ಇಳಿದವು. 2020ರ 390 ಅಡ್ವೆಂಚರ್ ಆ ಡ್ಯೂಕ್‌ನ ಕೂಸು. ಕೆಸರಿನ ಗಾಡಿಯಿಂದ ರಸ್ತೆಯ ಗಾಡಿ, ರಸ್ತೆಯ ಗಾಡಿಯಿಂದ ಮತ್ತೆ ಕಚ್ಚಾ ರಸ್ತೆಯ ಗಾಡಿ.

ಡಕಾರ್ ಎಂಬ ಮರುಭೂಮಿಯ ರ್‍ಯಾಲಿ ರೇಸಿನ ವಿಷಯ ಹೇಳಿ ಈ ಚರಿತ್ರೆ ಮುಗಿಸುತ್ತೇನೆ, ಯಾಕಂದರೆ ಜಾಹೀರಾತು ನೋಡಿ ಜನ ಮೋಸ ಹೋಗುವುದು ಅಲ್ಲೇ. 2001ರಲ್ಲಿ ಫಾಬ್ರಿಜಿಯೊ ಮೆಯೊನಿ ಗೆದ್ದಲ್ಲಿಂದ 2019ರಲ್ಲಿ ಟೋಬಿ ಪ್ರೈಸ್ ಗೆದ್ದವರೆಗೆ, ನಡೆದ 18 ಡಕಾರ್‌ಗಳನ್ನೂ ಕೆಟಿಎಂ ಗೆದ್ದಿತು. 2008ರದ್ದು ನಡೆಯಲೇ ಇಲ್ಲ. ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ಪೂರ್ತಿ ಮಾಡಿದ ಮೊದಲ ಭಾರತೀಯನಾದದ್ದೂ ಕೆಟಿಎಂ ಮೇಲೆಯೇ. ಹೆಮ್ಮೆಯ ವಿಷಯ ನಿಜ. ಆದರೆ ಆ 450 ರ್‍ಯಾಲಿ ಗಾಡಿಗೂ ನೀನು ನೋಡುತ್ತಿರುವ 390ಕ್ಕೂ ಬಣ್ಣ ಬಿಟ್ಟರೆ ಹೆಚ್ಚಿನ ನೆಂಟಸ್ತಿಕೆ ಇಲ್ಲ.

ಒಂದು ಗುಣ ಮಾತ್ರ ಇಎಕ್ಸ್‌ಸಿಯಲ್ಲೂ 390ರಲ್ಲೂ ಇದೆ, ಅದು ಮಲೆನಾಡಿಗೆ ಬಹಳ ಉಪಯೋಗದ್ದು. ಇಎಕ್ಸ್‌ಸಿ ಗಾಡಿಗಳಲ್ಲಿ 1990ರ ದಶಕದ ಕೊನೆಯಿಂದ ಹಿಂದಿನ ಶಾಕ್‌ ಅಬ್ಸಾರ್ಬರಿಗೆ ಲಿಂಕೇಜ್ (ನಡುವಿನ ಸನ್ನೆ ತುಂಡುಗಳು) ಇಲ್ಲ, ಹಿಂದಿನ ಚಕ್ರ ಹಿಡಿದ ತೋಳಾದ ಸ್ವಿಂಗ್‌ಆರ್ಮ್‌ಗೇ ನೇರ ಜೋಡಣೆ. 390 ಅಡ್ವೆಂಚರ್‌ನಲ್ಲೂ ಎಂಡ್ಯೂರೊದಲ್ಲೂ ಹಾಗೇ. ಲಿಂಕೇಜ್ ಇದ್ದರೆ ಅದು ಸ್ವಿಂಗ್‌ಆರ್ಮ್ ಕೆಳಗೆ ಇಳಿಬಿದ್ದಿರುತ್ತೆ, ಬಂಡೆಗೆ ಮರದ ಬೇರಿಗೆ ತಾಗುತ್ತೆ, ಅದರ ಬೇರಿಂಗುಗಳೊಳಗೆ ಕೆಮ್ಮಣ್ಣಿನ ನೀರು ಹೋಗಿ ಒಂದೇ ಮಳೆಗಾಲಕ್ಕೆ ಹಿಡಿದುಕೊಳ್ಳುತ್ತೆ. ಇಲ್ಲಿ ಆ ತಲೆನೋವೇ ಇಲ್ಲ. ಬದಲಿಗೆ ಸ್ಪ್ರಿಂಗ್ ನಿನ್ನ ತೂಕಕ್ಕೆ ಸರಿಯಾಗಿ ಕೂರಬೇಕು. ಹಿಂದಿನ ಚಕ್ರವನ್ನು ಎತ್ತಿ ಗಾಳಿಯಲ್ಲಿ ನಿಲ್ಲಿಸಿ, ಆಕ್ಸಲ್‌ನಿಂದ ನೇರ ಮೇಲಕ್ಕೆ ಸೀಟಿನ ಬದಿಯ ಒಂದು ಗುರುತಿನವರೆಗೆ ಅಳೆ. ಆಮೇಲೆ ಹೆಲ್ಮೆಟ್ಟು, ಬೂಟು, ಬೆನ್ನಿನ ಬ್ಯಾಗು ಸಮೇತ ಕೂತು ಇನ್ನೊಬ್ಬರಿಂದ ಅದೇ ಅಳತೆ ತೆಗೆಸು. ಅಡ್ವೆಂಚರ್‌ನ ಹಿಂದಿನ ಸಸ್ಪೆನ್ಷನ್ ಮೇಲೆ ಕೆಳಗೆ ಆಡುವ ಚಲನೆ 177 ಮಿ.ಮೀ.; ಎರಡು ಅಳತೆಗಳ ವ್ಯತ್ಯಾಸ 50ರಿಂದ 60 ಮಿ.ಮೀ. ಇರಲಿ. ಹೆಚ್ಚಿದ್ದರೆ ಸಿ-ಸ್ಪ್ಯಾನರಿನಿಂದ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿ) ಹೆಚ್ಚು ಮಾಡು. ಹಿಂಭಾಗ ಕುಸಿದೇ ಇದ್ದರೆ ಮುಂದಿನ ಚಕ್ರ ಹಗುರಾಗಿ, ಏರಿನ ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದ ಕಡೆಗೆ ಗಾಡಿ ಹೋಗುವುದಿಲ್ಲ.

ಈಗ ಹಳೆಯ 390 ಅಡ್ವೆಂಚರ್‌ಗೆ ಬರೋಣ. 373.2 ಸಿಸಿ, ಬೋರ್ (ಸಿಲಿಂಡರಿನ ಅಗಲ) 89 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಬರೇ 60. ಸ್ಟ್ರೋಕ್ ಇಷ್ಟು ಗಿಡ್ಡ ಇದ್ದರೆ ಶಕ್ತಿಯೆಲ್ಲ ಮೇಲಿನ ಆರ್‌ಪಿಎಂನಲ್ಲಿ. ಹೆದ್ದಾರಿಯಲ್ಲಿ ಸುಖ. ತೋಟದ ಅಗಳು ದಾಟಿ ಧರೆ ಹತ್ತುವಾಗ, ಮೊದಲ ಗೇರಿನಲ್ಲಿ ನಿಧಾನಕ್ಕೆ ಬಿಟ್ಟರೆ ಎಂಜಿನ್ ತಡವರಿಸಿ ನಿಂತೇಬಿಡುತ್ತೆ. ನಿಲ್ಲದಂತೆ ಕ್ಲಚ್ ಅರೆಹಿಡಿದು ಹತ್ತಿಸುತ್ತಾರೆ, ಪ್ಲೇಟು ಸುಟ್ಟುಕೊಳ್ಳುತ್ತಾರೆ. ಕಡಿಮೆ ಖರ್ಚಿನ ಪರಿಹಾರ ಮುಂದಿನ ಸ್ಪ್ರಾಕೆಟ್. ಕಂಪನಿಯಿಂದ ಬರುವುದು ಮುಂದೆ 15 ಹಲ್ಲು, ಹಿಂದೆ 45. ಮುಂದಿನದನ್ನು 14 ಮಾಡಿದರೆ ಅನುಪಾತ 3.00ರಿಂದ 3.21ಕ್ಕೆ ಏರುತ್ತೆ, ಅಂದರೆ ಎಳೆತ ಸುಮಾರು ಶೇಕಡಾ 7 ಹೆಚ್ಚು. 13ಕ್ಕೆ ಇಳಿಯಬೇಡ; ಚೈನ್ ತೀರಾ ಸಣ್ಣ ಸುತ್ತಿನಲ್ಲಿ ಮಡಚಿಕೊಂಡು ಸ್ವಿಂಗ್‌ಆರ್ಮ್ ಮೇಲಿನ ರಬ್ಬರನ್ನು ಬೇಗ ತಿನ್ನುತ್ತೆ.

ಇದರ ಎರಡನೆಯ ತೊಂದರೆ ಮುಂದಿನ ಮಡ್‌ಗಾರ್ಡ್. ರಸ್ತೆ ಬೈಕಿನ ಹಾಗೆ ಅದು ಟೈರಿಗೆ ಅಂಟಿಕೊಂಡಂತೆ ಇದೆ. ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಅಂಟುಮಣ್ಣು, ತರಗೆಲೆ ಎಲ್ಲ ಸೇರಿ ಆ ಸಂದಿನಲ್ಲಿ ತುಂಬಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತೆ. ಎತ್ತರದ ಮಡ್‌ಗಾರ್ಡ್ ಹಾಕಿಸದೆ ದಪ್ಪ ಗುಬ್ಬಟೆಗಳ ದೊಡ್ಡ ಟೈರ್ ಹಾಕಿಸಿದರೆ ಇನ್ನೂ ಬೇಗ ಹಿಡಿಯುತ್ತೆ. ಮೂರನೆಯದು ಅಲಾಯ್ ಚಕ್ರ, ಮುಂದೆ 19 ಇಂಚು, ಹಿಂದೆ 17. ಜಂಬಿಟ್ಟಿಗೆ ಕಲ್ಲಿನ ಅಂಚಿಗೆ ಜೋರಾಗಿ ಬಡಿದರೆ ರಿಮ್ ಬಾಗಿ ಟ್ಯೂಬ್‌ಲೆಸ್ ಟೈರಿನ ಗಾಳಿ ಒಮ್ಮೆಲೇ ಹೋಗುತ್ತೆ. ಹಾಗಾಗಿ ಕಲ್ಲುದಾರಿಯಲ್ಲಿ ಇದರ ಗಾಳಿಯನ್ನು 24 ಪಿಎಸ್‌ಐಗಿಂತ ಇಳಿಸಬೇಡ. 2023ರಲ್ಲಿ ಕಡ್ಡಿ ಚಕ್ರ, ಹೊಂದಿಸಬಹುದಾದ ಸಸ್ಪೆನ್ಷನ್ ಇರುವ ಅಡ್ವೆಂಚರ್ ಬಂತು. ಹಳೆಯದೇ ಬೇಕಾದರೆ ಅದನ್ನು ಹುಡುಕು, ನಾಲ್ಕು ಕಾಸು ಹೆಚ್ಚಾದರೂ ಸರಿ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ಗೆ ಆಫ್‌ರೋಡ್ ಮೋಡ್ ಇದೆ, ಹಾಕಿದರೆ ಹಿಂದಿನ ಚಕ್ರದ ಎಬಿಎಸ್ ಬಂದ್. ಕೆಸರಿನ ಇಳಿಜಾರಿಗೆ ಅದು ಬೇಕೇ ಬೇಕು, ಇಲ್ಲದಿದ್ದರೆ ಹಿಂದಿನ ಬ್ರೇಕ್ ಒತ್ತಿದಷ್ಟೂ ಗಾಡಿ ಜಾರುತ್ತಲೇ ಹೋಗುತ್ತೆ. ಇಳಿಯುವ ಮೊದಲು ಡಿಸ್‌ಪ್ಲೇ ನೋಡಿಕೋ.

390 ಎಂಡ್ಯೂರೊ ಆರ್ 2025ರಲ್ಲಿ ಬಂದದ್ದು. ಎಂಜಿನ್ ಹೊಸ ಪೀಳಿಗೆಯದು, ಬೋರ್ ಅದೇ 89, ಸ್ಟ್ರೋಕ್ ಮಾತ್ರ 64ಕ್ಕೆ ಏರಿದೆ, ಸುಮಾರು 399 ಸಿಸಿ. ಆ 4 ಮಿ.ಮೀ.ಯಿಂದ ಕೆಳಗಿನ ಎಳೆತ ಚೆನ್ನಾಗಿ ಸುಧಾರಿಸಿದೆ. ಮುಂದೆ 21, ಹಿಂದೆ 18 ಇಂಚಿನ ಕಡ್ಡಿ ಚಕ್ರ, ಎತ್ತರದ ಮಡ್‌ಗಾರ್ಡ್. ಚಕ್ರದ ಈ ಅಳತೆ ಇಎಕ್ಸ್‌ಸಿಯದ್ದೇ, ಆದ್ದರಿಂದ ನಿಜವಾದ ಎಂಡ್ಯೂರೊ ಟೈರು ಸಿಗುತ್ತೆ. ಕಾಳಜಿಯ ವಿಷಯ ಎರಡು. ಟ್ಯಾಂಕು 9 ಲೀಟರಿನದು. ಹೊಸನಗರದಿಂದ ಶಿವಮೊಗ್ಗಕ್ಕೆ ಹೋಗಿ ಬರಲು ತೊಂದರೆ ಇಲ್ಲ, ಆದರೆ ನಗರ, ನಿಟ್ಟೂರು ಎಂಬ ಊರುಗಳ ಕಡೆ ಸುತ್ತುವ ದಿನ ಬಂಕ್ ಎಲ್ಲಿದೆ ಅಂತ ಮೊದಲೇ ಲೆಕ್ಕ ಹಾಕಬೇಕು. ಇನ್ನೊಂದು, ಇಲ್ಲಿ ಮೊದಲು ಬಿಟ್ಟ ಗಾಡಿಯ ಸಸ್ಪೆನ್ಷನ್ ಚಲನೆ 200 ಮಿ.ಮೀ. ಆಸುಪಾಸು, ಹೊರದೇಶದ್ದಕ್ಕೆ 230. ಆದರೆ ಇಲ್ಲಿಯದರ ಸೀಟು ತಗ್ಗಿದ್ದರಿಂದ ಕಾಲು ನೆಲಕ್ಕೆ ಸಿಗುತ್ತೆ ಎಂಬುದೂ ನಿಜ. ನಿನಗೆ ಇಲ್ಲಿಯದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಟ್ಯೂಬ್ ಟೈರಾದ್ದರಿಂದ ಕೆಸರಿನಲ್ಲಿ ಗಾಳಿಯನ್ನು 20ಕ್ಕೆ ಇಳಿಸುವುದಾದರೆ ರಿಮ್ ಲಾಕ್ ಹಾಕಿಸು. ಇಲ್ಲದಿದ್ದರೆ ಟೈರು ರಿಮ್ ಮೇಲೆ ಜಾರಿ ಟ್ಯೂಬಿನ ವಾಲ್ವನ್ನು ಕಿತ್ತುಬಿಡುತ್ತೆ.

ನಿನ್ನ ಬಳಕೆಗೆ ನಾನು ಎಂಡ್ಯೂರೊ ಆರ್ ಅನ್ನೇ ಹೇಳುವುದು. ಶಿವಮೊಗ್ಗ–ಬೆಂಗಳೂರು ಓಡಾಟವೇ ಹೆಚ್ಚಿದ್ದರೆ ಮಾತ್ರ ಅಡ್ವೆಂಚರ್. ಇಎಕ್ಸ್‌ಸಿ ಆಸೆ ಬಿಡು. ಅದರ ಸರ್ವಿಸ್ ಲೆಕ್ಕ ಕಿಲೋಮೀಟರಿನದಲ್ಲ, ಗಂಟೆಯದು. ಪಿಸ್ಟನ್ ಕೂಡ ಇಷ್ಟು ಗಂಟೆಗೆ ಇಷ್ಟು ಅಂತ ಬದಲಿಸುತ್ತಿರಬೇಕು. ಮೇಲಾಗಿ ನಮ್ಮ ಸುತ್ತ ಶೆಟ್ಟಿಹಳ್ಳಿ, ಶರಾವತಿ ಕಣಿವೆ ಅಂತ ಅಭಯಾರಣ್ಯಗಳೇ. ಅಲ್ಲಿ ದಾರಿ ಬಿಟ್ಟು ಬೈಕು ನುಗ್ಗಿಸುವುದು ಅಪರಾಧ, ಕಾಡಿಗೂ ಕೆಟ್ಟದ್ದು. ಸ್ವಂತ ತೋಟ, ಊರಿನ ಕಚ್ಚಾ ರಸ್ತೆ ಇಷ್ಟಕ್ಕೆ 390 ಧಾರಾಳ ಸಾಕು.

ಯಾವುದೇ ತಗೊಂಡರೂ ಚೈನ್ ವಿಷಯದಲ್ಲಿ ಉದಾಸೀನ ಬೇಡ. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಬೋಲ್ಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಹಿಂಭಾಗದ ಮೇಲೆ ಇಬ್ಬರನ್ನು ಕೂರಿಸಿ ಆ ಸ್ಥಿತಿಗೆ ತಂದು, ಆಗಲೂ ಸ್ವಲ್ಪ ಸಡಿಲ ಉಳಿಯುತ್ತಾ ನೋಡು. ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಬಿಗಿ ಮಾಡಿದ ಚೈನ್ ಗುಂಡಿಯಲ್ಲಿ ಗೇರ್‌ಬಾಕ್ಸ್ ಬೇರಿಂಗನ್ನೇ ಎಳೆಯುತ್ತೆ. ತೊಳೆಯಲು ಸೀಮೆಎಣ್ಣೆ ಮತ್ತು ಮೆತ್ತನೆ ಬ್ರಷ್, ಪೆಟ್ರೋಲ್ ಮುಟ್ಟಿಸಬೇಡ, ಒಳಗಿನ ರಬ್ಬರ್ ರಿಂಗು ಹಾಳಾಗುತ್ತೆ. ಹಳೆಯ 390ಕ್ಕೆ ಎಂಜಿನ್ ಆಯಿಲ್ 15ಡಬ್ಲ್ಯೂ-50, ಸುಮಾರು 1.7 ಲೀಟರ್. ಕಂಪನಿ ಹೇಳುವುದು 7,500 ಕಿ.ಮೀ.ಗೊಮ್ಮೆ, ಕ್ಲಚ್ ಸವೆಸುವ ನಮ್ಮ ಓಡಾಟಕ್ಕೆ ಅದರ ಅರ್ಧಕ್ಕೇ ಬದಲಿಸು, ಕ್ಲಚ್ ಪ್ಲೇಟಿನ ಪುಡಿ ಸೇರುವುದು ಅದೇ ಆಯಿಲ್‌ಗೆ. ರೇಡಿಯೇಟರಿಗೆ ಮೆತ್ತಿದ ಮಣ್ಣನ್ನು ಹಿಂದಿನಿಂದ ಮುಂದಕ್ಕೆ, ಬರೀ ಪೈಪಿನ ನೀರಿನಲ್ಲಿ ತೊಳೆ. ಪ್ರೆಷರ್ ಗನ್ ಹಿಡಿದರೆ ಜಾಲರಿಯ ತಗಡು ಮಡಚಿ ಗಾಳಿ ಆಡದು, ಘಾಟಿಯಲ್ಲಿ ಎಂಜಿನ್ ಕಾಯುತ್ತೆ.

ಹಳ್ಳ ದಾಟುವಾಗ ನೀರು ಚಕ್ರದ ಆಕ್ಸಲ್‌ವರೆಗಿದ್ದರೆ ಸರಿ. ಗಾಡಿ ನೀರಲ್ಲಿ ಬಿದ್ದರೆ ಮೊದಲು ಕಿಲ್ ಸ್ವಿಚ್. ಆಮೇಲೆ ಯಾರು ಏನೇ ಹೇಳಿದರೂ ಸ್ಟಾರ್ಟರ್ ಒತ್ತಬೇಡ: ಸಿಲಿಂಡರಿನೊಳಗಿನ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತೆ. ಏರ್ ಫಿಲ್ಟರ್ ತೆಗೆದು ನೋಡು, ಪ್ಲಗ್ ಬಿಚ್ಚಿ, ಟಾಪ್ ಗೇರಿನಲ್ಲಿ ಹಿಂದಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ ನೀರು ಹೊರಹಾಕು. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಗಾಡಿಯನ್ನು ಜೀಪಿಗೆ ಹಾಕಿಯೇ ತರಬೇಕು.

ಬಿಡಿಭಾಗದ ಭಯ ಬೇಡ. 2024ರ ನವೆಂಬರಿನಲ್ಲಿ ಆಸ್ಟ್ರಿಯಾದ ಕಂಪನಿ ಮತ್ತೆ ದಿವಾಳಿ ಅರ್ಜಿ ಹಾಕಿದ್ದು ನಿಜ, ಆದರೆ 2025ರಲ್ಲಿ ಬಜಾಜ್ ಹಣ ಹಾಕಿ ಹಿಡಿತ ತೆಗೆದುಕೊಂಡಿತು. 390 ತಯಾರಾಗುವುದೂ ಚಾಕಣ್‌ನಲ್ಲೇ.

ಸೆಕೆಂಡ್ ಹ್ಯಾಂಡ್ ನೋಡಲು ಹೋದರೆ ಮುಂದಿನ ಚಕ್ರ ಎತ್ತಿ ತಿರುಗಿಸಿ ರಿಮ್ ಓಲಾಡುತ್ತಾ ನೋಡು, ಫೋರ್ಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ ಸ್ಟೀರಿಂಗ್ ಬೇರಿಂಗ್ ಆಟ ನೋಡು, ಎಂಜಿನ್ ತಣ್ಣಗಿರುವಾಗಲೇ ಹೋಗಿ ಕೂಲೆಂಟ್ ಬಣ್ಣ ನೋಡು. ಬೆಲೆ ಮಾತಾಡುವ ಮೊದಲು ಎಂಜಿನ್ ಕೆಳಗಿನ ರಕ್ಷಣೆಯ ತಗಡಾದ ಬ್ಯಾಷ್ ಪ್ಲೇಟ್ ಬಿಚ್ಚಿಸಿ ಎಂಜಿನ್ ತಳ ನೋಡಲೇಬೇಕು. ಅಲ್ಲಿ ಬಿರುಕು ಮುಚ್ಚಲು ಎಂ-ಸೀಲ್ ಮೆತ್ತಿದ್ದರೆ ಹಾಗೇ ವಾಪಸ್ ಬಾ.

ಇಂತಿ
ನಿನ್ನ ಗೆಳೆಯ