ತೊಂಬತ್ತನಾಲ್ಕು ಹೊಡೆತಗಳ ಋಣ

ಮೈಸೂರಿನ ಚಾಮುಂಡಿ ಬೆಟ್ಟದ ಬುಡದಲ್ಲಿರುವ ನಮ್ಮ ಗಾಲ್ಫ್ ಮೈದಾನದಲ್ಲಿ ಕಳೆದ ಮಂಗಳವಾರ ಹದಿನೆಂಟು ಹೋಲ್‌ಗಳನ್ನು 94 ಹೊಡೆತಗಳಲ್ಲಿ ಮುಗಿಸಿದೆ. ಅದರ ಹಿಂದಿನ ಎರಡು ಸುತ್ತುಗಳಲ್ಲಿ 101 ಮತ್ತು 97 ಆಗಿದ್ದವು. ಹೊಡೆತ ಕಡಿಮೆಯಾದಷ್ಟೂ ಆಟ ಮೇಲು ಎನ್ನುವ ಗಾಲ್ಫ್ ಬಲ್ಲವರ ನಡುವೆ ಇದು ಹೇಳಿಕೊಳ್ಳುವಂಥ ಲೆಕ್ಕವಲ್ಲ. ನಮ್ಮ ಕ್ಲಬ್ಬಿನ ಹೈಸ್ಕೂಲು ಹುಡುಗರು 78 ಹೊಡೆದು ಬಂದು ಮುಖ ಸಣ್ಣಗೆ ಮಾಡಿಕೊಂಡು ಕೂತಿರುವುದನ್ನು ನೋಡಿದ್ದೇನೆ. ಆದರೆ ಹೋದ ವರ್ಷ ಈ ಹೊತ್ತಿಗೆ ನನ್ನ ಜಡೆಯನ್ನು ನಾನೇ ಹೆಣೆದುಕೊಳ್ಳಲಾಗದೆ, ಅಡುಗೆಮನೆಯ ಮೇಲಿನ ಹಲಗೆಯಿಂದ ಹುಳಿಪುಡಿಯ ಡಬ್ಬಿ ಇಳಿಸುವುದಕ್ಕೂ ಇನ್ನೊಬ್ಬರನ್ನು ಕರೆಯುತ್ತಿದ್ದವಳು ನಾನು. ಈಗ ಭುಜ ಕೆಡುವುದಕ್ಕೆ ಮೊದಲಿನ ನನ್ನ ಅತಿ ಒಳ್ಳೆಯ ಸ್ಕೋರಿಗಿಂತಲೂ ನಾಲ್ಕು ಹೊಡೆತ ಕಡಿಮೆ ಬಂದಿದೆ. ಇದರಲ್ಲಿ ಯಾರ ಪಾಲು ಎಷ್ಟೆಂಬುದನ್ನು ನಾಲ್ಕು ಜನರ ಮುಂದೆ ಹೇಳುವುದು ನನ್ನ ಕರ್ತವ್ಯವೆಂದು ತಿಳಿದು ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಬಾರದೆಂದು ಹಲವರು ಕೇಳಿಕೊಂಡಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ. ಓದಿದ ಕೂಡಲೇ ಅವರವರಿಗೆ ತಿಳಿಯುತ್ತದೆ.

ನನಗೆ ಬಂದದ್ದು ಎಲ್ಲರೂ ಫ್ರೋಜನ್ ಶೋಲ್ಡರ್ ಎಂದು ಕರೆಯುವ ತೊಂದರೆ, ಅದೂ ಎಡ ಭುಜಕ್ಕೆ. ಕೀಲನ್ನು ಸುತ್ತುವರಿದ ಪೊರೆ ಉರಿಯೂತದಿಂದ ದಪ್ಪಗಾಗಿ ಬಿಗಿದುಕೊಳ್ಳುತ್ತದೆ. ಮೊದಲು ರಾತ್ರಿ ನಿದ್ದೆಗೆಡಿಸುವ ನೋವು, ಆಮೇಲೆ ನೋವು ತಗ್ಗಿ ಬರೀ ಬಿಗಿತ, ಕೊನೆಗೆ ತನ್ನ ಪಾಡಿಗೆ ತಾನು ತಿಂಗಳುಗಟ್ಟಲೆ ತೆಗೆದುಕೊಂಡು ಸಡಿಲಾಗುವುದು, ಹೀಗೆ ಮೂರು ಘಟ್ಟಗಳಲ್ಲಿ ನಡೆಯುವ ಈ ಕಾಯಿಲೆ ನಲವತ್ತರಿಂದ ಅರವತ್ತರ ನಡುವಿನವರಿಗೆ, ಅದರಲ್ಲೂ ಹೆಂಗಸರಿಗೆ, ಎಲ್ಲರಿಗಿಂತ ಹೆಚ್ಚಾಗಿ ಸಕ್ಕರೆ ಕಾಯಿಲೆ ಇರುವವರಿಗೆ ಬರುತ್ತದೆಂದು ವೈದ್ಯರು ವಿವರಿಸಿದರು. ಆ ಮೂರು ಪಟ್ಟಿಯಲ್ಲೂ ನಾನಿದ್ದೆ. ಬಲಗೈಯಲ್ಲಿ ಗಾಲ್ಫ್ ಆಡುವವರಿಗೆ ಸ್ವಿಂಗ್, ಅಂದರೆ ಕೋಲಿನ ಬೀಸು, ನಡೆಸುವುದು ಎಡಗೈ. ಕ್ಲಬ್ ಎಂದು ಕರೆಯುವ ಆ ಕೋಲು ಹಿಂದಕ್ಕೆ ಹೋಗುವಾಗ ಎಡಗೈ ಎದೆಯನ್ನು ದಾಟಿ ಬರಬೇಕು, ಚೆಂಡು ಹೊಡೆದ ಮೇಲೆ ಹೊರಕ್ಕೆ ತಿರುಗಿ ಮೇಲೇರಬೇಕು. ಎರಡೂ ನನ್ನಿಂದ ಆಗುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯ ಮಾತೆತ್ತಿ ಹೆದರಿಸದೆ, ಸಕ್ಕರೆಯನ್ನು ಮೊದಲು ಹತೋಟಿಗೆ ತನ್ನಿ, ಉಳಿದದ್ದನ್ನು ತಾಳ್ಮೆಯಿಂದ ನೋಡೋಣ ಎಂದ ಆ ಮೂಳೆ ವೈದ್ಯರಿಗೆ ನನ್ನ ಮೊದಲ ನಮಸ್ಕಾರ.

ಅವರು ಕಳಿಸಿದ ಫಿಸಿಯೋಥೆರಪಿಸ್ಟ್ ನನ್ನ ಮಗಳಿಗಿಂತ ಚಿಕ್ಕ ವಯಸ್ಸಿನ ಹುಡುಗಿ. ಬಾಗಿಲ ಮೇಲೆ ರಾಟೆ ಕಟ್ಟಿಸಿ, ಬಲಗೈಯಿಂದ ಹಗ್ಗ ಎಳೆದು ಎಡಗೈಯನ್ನು ಎತ್ತಿಸಿದಳು. ಗೋಡೆಯ ಮೇಲೆ ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ನಡೆಸಿ, ನಿಂತಲ್ಲಿ ಪೆನ್ಸಿಲಿನಲ್ಲಿ ಗೆರೆ ಹಾಕಿ ತಾರೀಖು ಬರೆಯಿಸಿದಳು. ನಮ್ಮ ನಡುಮನೆಯ ಗೋಡೆಯ ಮೇಲೆ ಆ ಗೆರೆಗಳು ಈಗಲೂ ಇವೆ, ಮಕ್ಕಳು ಚಿಕ್ಕವರಿದ್ದಾಗ ಅವರ ಎತ್ತರ ಗುರುತಿಸಿದ್ದ ಗೆರೆಗಳ ಪಕ್ಕದಲ್ಲೇ. ಕೆಲವು ವಾರ ಗೆರೆ ಇದ್ದಲ್ಲೇ ಇರುತ್ತಿತ್ತು. ಆಗ ಆಕೆ ಸಮಾಧಾನವನ್ನೂ ಹೇಳುತ್ತಿರಲಿಲ್ಲ, ಗದರುತ್ತಲೂ ಇರಲಿಲ್ಲ. ತಾರೀಖು ಮಾತ್ರ ಬರೆಯಿಸುತ್ತಿದ್ದಳು. ಗಾಲ್ಫ್ ಯಾವಾಗ ಆಡಬಹುದೆಂದು ನಾನು ಪೀಡಿಸಿದ್ದಕ್ಕೆ ಒಂದು ದಿನ, “ಸ್ವಿಂಗ್ ಸದ್ಯಕ್ಕೆ ಬೇಡ ಆಂಟಿ. ಸೊಂಟಕ್ಕಿಂತ ಕೆಳಗೆ ಕೈ ಏನು ಬೇಕಾದರೂ ಮಾಡಲಿ, ನನ್ನ ಅಭ್ಯಂತರವಿಲ್ಲ” ಎಂದಳು. ಆಕೆಗೆ ಗಾಲ್ಫ್ ಎಂದರೆ ಏನೆಂದೇ ತಿಳಿಯದು. ಆದರೂ ನನ್ನ ಆಟಕ್ಕೆ ಸಿಕ್ಕ ಅತ್ಯಂತ ಬೆಲೆಬಾಳುವ ಸಲಹೆ ಅದೇ.

ಏಕೆಂದರೆ ಸೊಂಟಕ್ಕಿಂತ ಕೆಳಗೆ ಆಗುವ ಹೊಡೆತಗಳೇ ಗಾಲ್ಫಿನಲ್ಲಿ ಅರ್ಧಕ್ಕಿಂತ ಹೆಚ್ಚು. ಪಾರ್, ಅಂದರೆ ನುರಿತವರಿಗೆ ಬೇಕಾಗುವ ಹೊಡೆತಗಳ ಲೆಕ್ಕ, 72 ಇರುವ ಕೋರ್ಸಿನಲ್ಲಿ ಹೋಲಿಗೆ ಎರಡರಂತೆ 36 ಹೊಡೆತಗಳನ್ನು ಗ್ರೀನಿನ, ಅಂದರೆ ಹೋಲಿನ ಸುತ್ತಲಿನ ನುಣುಪು ಹುಲ್ಲಿನ, ಮೇಲೆ ಚೆಂಡನ್ನು ಉರುಳಿಸುವ ಪಟ್‌ಗಳಿಗೆಂದೇ ಲೆಕ್ಕ ಹಿಡಿದಿರುತ್ತಾರೆ. ಗ್ರೀನಿನ ಅಂಚಿನಿಂದ ಚೆಂಡನ್ನು ಮೆಲ್ಲಗೆ ಎತ್ತಿ ಉರುಳಿಸುವ ಚಿಪ್ ಹೊಡೆತಗಳು ಬೇರೆ. ನಮ್ಮಂಥ ಹವ್ಯಾಸಿಗಳು ಇರುವ ಸಮಯವನ್ನೆಲ್ಲ ಡ್ರೈವರ್ ಎಂಬ ದೂರದ ಹೊಡೆತದ ಕ್ಲಬ್ ಬೀಸುವುದಕ್ಕೆ ಸುರಿದು, ಇನ್ನೂರು ಗಜದ ಹೊಡೆತಕ್ಕೂ ಎರಡು ಅಡಿಯ ಪಟ್‌ಗೂ ಕಾರ್ಡಿನಲ್ಲಿ ಒಂದೇ ಬೆಲೆ ಎಂಬುದನ್ನು ಜಾಣತನದಿಂದ ಮರೆತಿರುತ್ತೇವೆ. ಹೊಸ ಡ್ರೈವರಿನ ಜಾಹೀರಾತಿಗೆ ಮರುಳಾಗುವವರಲ್ಲಿ ನಿವೃತ್ತರೇ ಹೆಚ್ಚೆಂಬುದು ನನ್ನ ಬಲವಾದ ಅನುಮಾನ. ಡ್ರೈವರ್ ಮುಟ್ಟುವಂತಿಲ್ಲವೆಂದಾಗ ನನಗೆ ಉಳಿದದ್ದು ಎರಡೇ ಕ್ಲಬ್, ಪಟ್ ಹೊಡೆಯುವ ಪಟ್ಟರ್ ಮತ್ತು ಚಿಪ್ ಹೊಡೆಯಲು ಒಂದು ಎಂಟನೇ ಐರನ್. ಇಡೀ ಮಳೆಗಾಲ ಅವೆರಡನ್ನೇ ಹಿಡಿದು ಪ್ರಾಕ್ಟೀಸ್ ಗ್ರೀನಿನ ಮೇಲೆ ಬೆಳಗುಗಳನ್ನು ಕಳೆದೆ.

ಆ ಬೆಳಗುಗಳಲ್ಲಿ ಜೊತೆಗಿದ್ದ ಮಾಲಿಗಳಿಗೂ ಹೆಣ್ಣಾಳುಗಳಿಗೂ ನಾನು ಎಷ್ಟು ಹೇಳಿದರೂ ಕಡಿಮೆ. ಆಟಗಾರರು ಬರುವ ಹೊತ್ತಿಗೆ ಗ್ರೀನ್ ಸಿದ್ಧವಾಗಿರುವುದನ್ನಷ್ಟೇ ಅಲ್ಲಿಯವರೆಗೆ ಕಂಡಿದ್ದೆ. ಅದು ಸಿದ್ಧವಾಗುವುದನ್ನು ನೋಡಿದ್ದು ಆಗಲೇ. ಕತ್ತಲು ಹರಿಯುವಾಗ ಒಬ್ಬರು ಉದ್ದನೆಯ ಬಳುಕುವ ಕೋಲನ್ನು ಹುಲ್ಲಿನ ಮೇಲೆ ಅತ್ತಿಂದಿತ್ತ ಬೀಸಿ ಇಬ್ಬನಿ ಕೆಡಹುವರು. ಹಿಂದೆಯೇ ಕತ್ತರಿಸುವ ಯಂತ್ರ. ಕೆಲವೇ ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿದ ಆ ಹುಲ್ಲಿನಲ್ಲಿ ಬೇರೆ ಜಾತಿಯ ಒಂದು ಕಳೆ ತಲೆಯೆತ್ತಿದರೂ ಚೆಂಡು ದಾರಿ ತಪ್ಪುತ್ತದೆ. ಅದನ್ನು ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತ ಹೆಂಗಸರು ಚಿಕ್ಕ ಕಬ್ಬಿಣದ ಮೊನೆಯಿಂದ ಬೇರುಸಹಿತ ಎಬ್ಬಿಸಿ, ಆದ ಗುಂಡಿಗೆ ಚಿಟಿಕೆ ಮರಳು ಹಾಕಿ ಬೆರಳಿನಿಂದ ಒತ್ತಿ ಮುಂದೆ ಸರಿಯುತ್ತಾರೆ. ನನ್ನ ತೋಳಿನ ಕಷ್ಟ ಕಂಡು ಅವರಲ್ಲೊಬ್ಬರು ಹೋಲಿನೊಳಗೆ ಬಿದ್ದ ಚೆಂಡುಗಳನ್ನು ತಾವಾಗಿ ತೆಗೆದುಕೊಡುತ್ತಿದ್ದರು. “ನಂಗೂ ಹಿಂಗೇ ಹಿಡ್ಕಂಡಿತ್ತು ಅಕ್ಕಾ, ಬುಟ್ಟಿ ಹೊತ್ತೇ ಬುಟ್ಟೋಯ್ತು” ಎಂದದ್ದು ವೈದ್ಯಶಾಸ್ತ್ರಕ್ಕೆ ಒಪ್ಪಿಗೆಯಾಗಲಿ ಬಿಡಲಿ, ಆ ದಿನ ನನಗೆ ಔಷಧಿಯಂತೆ ಕೆಲಸ ಮಾಡಿತು.

ಇನ್ನು ನನ್ನ ಕ್ಯಾಡಿ. ಚೀಲ ಹೊತ್ತರೆ ಮಾತ್ರ ಅವರಿಗೆ ಸಂಪಾದನೆ. ಮಳೆ ಹಿಡಿದ ದಿನ ಇಲ್ಲ, ರೇಸ್‌ಕೋರ್ಸಿನ ಆವರಣದಲ್ಲೇ ನಮ್ಮ ಮೈದಾನವೂ ಇರುವುದರಿಂದ ಕುದುರೆ ಓಡುವ ದಿನವೂ ಆಟಕ್ಕೆ ಬಿಡುವು. ಅಂಥವರು ಆಡದ ಒಬ್ಬಳಿಗಾಗಿ, ಬೇರೆಯವರ ಸುತ್ತು ಮುಗಿಸಿ ಬಂದು ಬಿಸಿಲೇರುವ ತನಕ ಪ್ರಾಕ್ಟೀಸ್ ಗ್ರೀನಿನ ಪಕ್ಕ ಕೂರುತ್ತಿದ್ದರು. ಹುಲ್ಲು ಒಂದು ಕಡೆಗೆ ಒರಗಿ ಬೆಳೆಯುತ್ತದೆ, ಒರಗಿದ ದಿಕ್ಕಿಗೆ ಚೆಂಡು ಓಡುತ್ತದೆ, ಎದುರು ದಿಕ್ಕಿಗೆ ತಡೆಯುತ್ತದೆ ಎಂಬುದನ್ನು ಹಿಂದೆಯೂ ಕೇಳಿದ್ದೆ, ಕಣ್ಣಿಗೆ ಹಿಡಿದಿರಲಿಲ್ಲ. “ಮೇಡಂ, ನೀವು ನಿಂತ ಕಡೆಯಿಂದ ಹೊಳೀತಾ ಇದ್ರೆ ಓಡ್ತದೆ, ಕಪ್ಪಗೆ ಕಂಡ್ರೆ ತಡೀತದೆ” ಎಂದು ಹೋಲಿನ ಎರಡೂ ಬದಿಗೆ ನನ್ನನ್ನು ನಡೆಸಿ ತೋರಿಸಿದರು. ನೋಡಿದರೆ ಹೌದು: ಒಂದೇ ಹುಲ್ಲು, ಈಚೆಯಿಂದ ಬೆಳ್ಳಗೆ, ಆಚೆಯಿಂದ ಕಡುಹಸಿರು. ಹೋಲಿನ ಬಾಯಿ ನಾಲ್ಕೂಕಾಲು ಅಂಗುಲ, ಅಂದರೆ 108 ಮಿಲಿಮೀಟರ್. ಅದರ ಅಂಚಿನಲ್ಲಿ ಒಂದು ಕಡೆ ಹುಲ್ಲು ಕೊಂಚ ಹರಿದು ಒಣಗಿರುವುದನ್ನು ಅವರು ಬೆರಳಿಟ್ಟು ತೋರಿಸಿ, ಹುಲ್ಲು ಒರಗಿರುವುದು ಆ ಕಡೆಗೇ ಎಂದರು. ಕಾಸು ತೆಗೆದುಕೊಳ್ಳಲು ಒಪ್ಪದಿದ್ದಾಗ ಜಗಳ ಮಾಡಿಯೇ ಕೊಡಬೇಕಾಯಿತು. ನಮ್ಮ ನಾಡಿನ ಗಾಲ್ಫ್ ಜ್ಞಾನದ ದೊಡ್ಡ ಭಾಗ ಕ್ಯಾಡಿಗಳ ತಲೆಯಲ್ಲಿದೆ ಎಂದರೆ ಅದು ಉಪಚಾರದ ಮಾತಲ್ಲ. 2009ರ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರೇ. ಕ್ಯಾಡಿಗಳ ಬದುಕಿಗೆ ಆಟದ ದಿನಗಳಾಚೆಗೂ ಒಂದು ಭದ್ರತೆ ಇರಬೇಕೆಂಬ ಮಾತನ್ನು ಕ್ಲಬ್ಬುಗಳು ಇನ್ನಷ್ಟು ಗಟ್ಟಿಯಾಗಿ ಆಡಬೇಕು. ಕೃತಜ್ಞತೆಯ ಪತ್ರದಲ್ಲಿ ಇದು ಬೇಡವಾಗಿತ್ತೇನೋ, ಇರಲಿ.

ನಮ್ಮ ಮಂಗಳವಾರದ ಹೆಂಗಸರ ಗುಂಪು ನನ್ನನ್ನು ಮನೆಯಲ್ಲಿ ಕೂರಲು ಬಿಡಲಿಲ್ಲ. ಆಡದಿದ್ದರೂ ಸ್ಕೋರ್ ಬರೆಯುವ ಕೆಲಸ ಕೊಟ್ಟು ಹದಿನೆಂಟೂ ಹೋಲ್ ನಡೆಸಿದರು. ಸಕ್ಕರೆ ಇಳಿದದ್ದಕ್ಕೆ ಆ ನಡಿಗೆಯೂ ಒಂದು ಕಾರಣ. ಬೇರೆಯವರ ಕಾರ್ಡ್ ಬರೆಯುತ್ತಾ ಹೋದಂತೆ, ಏಳೆಂಟು ಹೊಡೆತಗಳಾದ ಹೋಲ್‌ಗಳಲ್ಲಿ ಕೆಟ್ಟದ್ದು ಡ್ರೈವಲ್ಲ, ಗ್ರೀನಿನ ಸುತ್ತಮುತ್ತ ಕಳೆದ ಮೂರು ನಾಲ್ಕು ಹೊಡೆತಗಳು ಎಂಬುದು ಸ್ಪಷ್ಟವಾಗತೊಡಗಿತು. ಮತ್ತೆ ಆಡತೊಡಗಿದಾಗ ನನಗಾಗಿ ಕೆಲವು ವಾರ ಎಲ್ಲರೂ ಸ್ಟೇಬಲ್‌ಫೋರ್ಡ್ ಪದ್ಧತಿಗೆ ಬದಲಾಯಿಸಿಕೊಂಡರು. ಅದರಲ್ಲಿ ಹೊಡೆತ ಎಣಿಸುವ ಬದಲು ಹೋಲಿಗೆ ಇಷ್ಟು ಅಂಕ. ಒಂದು ಹೋಲ್ ಪೂರ್ತಿ ಕೆಟ್ಟರೆ ಸೊನ್ನೆ ಬರೆದು ಚೆಂಡು ಎತ್ತಿಕೊಂಡು ಮುಂದೆ ನಡೆಯಬಹುದು, ಭುಜಕ್ಕೂ ವಿಶ್ರಾಂತಿ. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟ ಅದೇ ಗೆಳತಿಯರು ಎರಡು ಅಡಿಯ ಪಟ್ ಒಂದನ್ನೂ ಗಿಮ್ಮಿ, ಅಂದರೆ ಹೊಡೆಯದೆಯೇ ಬಿದ್ದಂತೆ, ಎಂದು ಬಿಟ್ಟುಕೊಡಲಿಲ್ಲ. “ಹಾಕಿ ಬನ್ನಿ ಅಕ್ಕ, ಕಾಯ್ತೀವಿ” ಎನ್ನುವರು. ಕರುಣೆ ತೋರಿಸಬೇಕಾದ ಜಾಗ ಯಾವುದು, ತೋರಿಸಬಾರದ ಜಾಗ ಯಾವುದು ಎಂದು ಬಲ್ಲ ಇಂಥ ಜನ ಸಿಗುವುದು ಅಪರೂಪ.

ಹ್ಯಾಂಡಿಕ್ಯಾಪ್ ಸಮಿತಿಯಲ್ಲಿರುವ ಹಿರಿಯರೊಬ್ಬರಿಗೂ ವಂದನೆ ಸಲ್ಲಬೇಕು. ಹ್ಯಾಂಡಿಕ್ಯಾಪ್ ಎಂದರೆ ಆಟಗಾರರ ಮಟ್ಟ ತೋರಿಸುವ ಅಂಕೆ, ಕಡಿಮೆಯಾದಷ್ಟೂ ಆಟ ಮೇಲು. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಕೊನೆಯ ಇಪ್ಪತ್ತು ಸುತ್ತುಗಳಲ್ಲಿ ಅತ್ಯುತ್ತಮವಾದ ಎಂಟನ್ನು ಹಿಡಿದು ಸರಾಸರಿ ತೆಗೆಯುತ್ತಾರೆ. ಮರಳಿ ಬಂದ ಹೊಸತರಲ್ಲಿ 112, 115 ಎಂದು ಬಂದ ಕಾರ್ಡುಗಳನ್ನು ಕೊಡಲು ಸಂಕೋಚವಾದಾಗ, “ಕೆಟ್ಟ ಕಾರ್ಡೂ ಕಾರ್ಡೇ ತಾಯಿ, ಪೆಟ್ಟಿಗೆಗೆ ಹಾಕಿ” ಎಂದು ನಿಂತು ಹಾಕಿಸಿದರು. ಹ್ಯಾಂಡಿಕ್ಯಾಪ್ ಏರಿತು, ನನ್ನ ಈಗಿನ ದೇಹಕ್ಕೆ ಸರಿಯಾದ ಅಳತೆ ಸಿಕ್ಕಿತು. ಹಳೆಯ ಅಂಕೆಯ ಬೆನ್ನು ಹತ್ತಿ ಭುಜವನ್ನು ಮತ್ತೆ ಕೆಡಿಸಿಕೊಳ್ಳದೆ ಉಳಿದದ್ದು ಅವರಿಂದ.

ಒಬ್ಬರಿಗೆ ಮಾತ್ರ ನಾನು ಪರಿಚಯವೇ ಇಲ್ಲದೆ ಋಣಿ. 2021ರ ಆಗಸ್ಟ್ 7ರ ಬೆಳಿಗ್ಗೆ, ಗಾಲ್ಫ್ ಎಂದರೆ ಮೂಗು ಮುರಿಯುತ್ತಿದ್ದ ನಮ್ಮ ಮನೆಯವರೂ ಟಿವಿಯ ಮುಂದೆ ಕೂತು ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನ ಕೊನೆಯ ಸುತ್ತು ಆಡುವುದನ್ನು ನೋಡಿದ್ದರು. ಆಗ ಆಕೆಯ ವಿಶ್ವ ಶ್ರೇಯಾಂಕ 200. ಕೆಲವೇ ವಾರಗಳ ಹಿಂದೆ ಕೋವಿಡ್ ಬಂದು ಹೋಗಿ ಹೊಡೆತದ ದೂರ ಕುಗ್ಗಿತ್ತು. ಜೊತೆಯಲ್ಲಿ ಆಡುವವರ ಚೆಂಡು ಎಷ್ಟೋ ಮುಂದೆ ಬಿದ್ದಿರುತ್ತಿತ್ತು. ಆಕೆ ಪಟ್ಟರಿನ ಬಲದಿಂದಲೇ ನಾಲ್ಕು ದಿನ ಪದಕದ ಸಾಲಿನಲ್ಲಿ ನಿಂತು, ಪಾರ್‌ಗಿಂತ ಹದಿನೈದು ಕಡಿಮೆಯಲ್ಲಿ ಮುಗಿಸಿ, ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಅಂದು ಆಕೆಯ ಚೀಲ ಹೊತ್ತಿದ್ದವರು ತಾಯಿ. ಅಷ್ಟು ಎತ್ತರದ ಆಟಕ್ಕೂ ನನ್ನದಕ್ಕೂ ಹೋಲಿಕೆಯಿಲ್ಲವೆಂದು ನನಗೆ ತಿಳಿದಿದೆ. ಆದರೆ ಎಡಗೈ ಏಳದ ದಿನಗಳಲ್ಲಿ ದೂರ ಹೊಡೆಯಲಾಗದವರಿಗೂ ಆಟದಲ್ಲಿ ಜಾಗವಿದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿರಲಿಲ್ಲ.

ಮಂಗಳವಾರದ 94ರ ವಿಷಯಕ್ಕೆ ಬಂದರೆ, ನನ್ನ ಡ್ರೈವ್ ಈಗ ಹಿಂದಿಗಿಂತ ಇಪ್ಪತ್ತೈದು ಗಜವಾದರೂ ಕಡಿಮೆ ಹೋಗುತ್ತದೆ. ಪಾರ್ 4ರ ಹೋಲ್‌ಗಳಲ್ಲಿ ಎರಡು ಹೊಡೆತಕ್ಕೆ ಗ್ರೀನ್ ಮುಟ್ಟುವ ಆಸೆಯನ್ನೇ ಬಿಟ್ಟಿದ್ದೇನೆ. ಹಿಂದೆಲ್ಲ ನಲವತ್ತು ದಾಟುತ್ತಿದ್ದ ಪಟ್‌ಗಳು ಆ ದಿನ 31. ಒಂಬತ್ತು ಹೋಲ್ ಕಳೆದ ಮೇಲೆ ಒಂದು ಕಡೆ ಮೂರನೇ ಹೊಡೆತ ಗ್ರೀನಿನ ಬಲಕ್ಕೆ ಜಾರಿ, ಮಳೆಗೆ ಮೆತ್ತಗಾದ ಹುಲ್ಲಿನಲ್ಲಿ ಅರ್ಧ ಮುಳುಗಿ ಕೂತಿತ್ತು. ಚೆಂಡೆತ್ತಿ ಒರೆಸಿ ಇಡಲು ಆ ದಿನ ಅವಕಾಶವಿದ್ದರೂ ಅದು ಹುಲ್ಲು ಗಿಡ್ಡಗೆ ಕತ್ತರಿಸಿದ ಫೇರ್‌ವೇಗೆ ಮಾತ್ರ, ನಾನಿದ್ದದ್ದು ಹುಲ್ಲು ಎತ್ತರ ಬಿಟ್ಟ ರಫ್‌ನಲ್ಲಿ. ಹಿಂದಾದರೆ ಸ್ಯಾಂಡ್ ವೆಡ್ಜ್ ಎತ್ತಿಕೊಂಡು ಚೆಂಡನ್ನು ಮುಗಿಲಿಗೆ ಹಾರಿಸಲು ನೋಡುತ್ತಿದ್ದೆ. ಕ್ಯಾಡಿ ಮಾತಾಡದೆ ಎಂಟನೇ ಐರನ್ ಚಾಚಿದರು. ಕೈ ಸೊಂಟಕ್ಕಿಂತ ಮೇಲೇಳಲಿಲ್ಲ; ಚೆಂಡು ಗ್ರೀನಿನ ಅಂಚಿಗೆ ಬಿದ್ದು, ಹೊಳೆಯುವ ಹುಲ್ಲಿನ ಮೇಲೆ ಸುಮಾರು ಹದಿನೈದು ಅಡಿ ಉರುಳಿ, ಹೋಲಿನಿಂದ ಒಂದು ಮೊಳದಲ್ಲಿ ನಿಂತಿತು. ಗೆಳತಿಯರು ಆ ಒಂದು ಮೊಳವನ್ನೂ ಬಿಟ್ಟುಕೊಡಲಿಲ್ಲ. ಹಾಕಿ ಬಂದೆ, ಐದು.

ಮನೆಯಲ್ಲಿ ರಾತ್ರಿ ಅನ್ನದ ಬದಲು ರಾಗಿಮುದ್ದೆಗೆ ತಕರಾರಿಲ್ಲದೆ ಒಗ್ಗಿಕೊಂಡ, ತಿಂಗಳುಗಟ್ಟಲೆ ನನ್ನ ಜಡೆ ಹೆಣೆಯಲು ಕಲಿತ ನಮ್ಮ ಮನೆಯವರಿಗೆ ಇಲ್ಲಿ ಧನ್ಯವಾದ ಹೇಳಿದರೆ ಅವರು ಮುಜುಗರಪಡುತ್ತಾರೆ, ಆದರೂ ಹೇಳಿದ್ದೇನೆ. ಜಡೆ ಒಂದು ಕಡೆಗೆ ವಾಲುತ್ತಿತ್ತು ಎಂಬುದನ್ನೂ ದಾಖಲಿಸಿದ್ದೇನೆ.

ಹೊಸ ಸ್ಕೋರ್ ಬಂದವರು ತಿಂಡಿ ಕೊಡಿಸುವುದು ನಮ್ಮ ಗುಂಪಿನ ಪದ್ಧತಿ. ಬರುವ ಮಂಗಳವಾರ ಆಟ ಮುಗಿದ ಮೇಲೆ ಮಾಲಿಗಳು, ಕಳೆ ಕೀಳುವ ಅಕ್ಕಂದಿರು, ಕ್ಯಾಡಿಗಳು ಎಲ್ಲರಿಗೂ ಮಸಾಲೆ ದೋಸೆ, ಕಾಫಿ ನನ್ನ ಲೆಕ್ಕದಲ್ಲಿ. ಫಿಸಿಯೋಥೆರಪಿಸ್ಟ್ ಹುಡುಗಿಯೂ ಬರಲು ಒಪ್ಪಿದ್ದಾಳೆ. ಗಾಲ್ಫ್ ಎಂದರೆ ಏನೆಂದು ಒಮ್ಮೆ ನೋಡಬೇಕಂತೆ.