ಕಿವಿ ಮಂದವಾದ ಮಗುವಿಗೆ ಎಂಆರ್‌ಐ ಬೇಕಾಗಬಹುದು

ಮಾನ್ಯ ಸಂಪಾದಕರೇ,

ಹದಿಹರೆಯದವರಿಗೆ ಒಂದೇ ಕಿವಿ ಮಂದವಾಗುತ್ತಾ ಬಂದರೆ ಸುಮ್ನೆ ಡ್ರಾಪ್ಸ್ ಬರೆದು ಕಳಿಸಬೇಡಿ, ಎಂಆರ್‌ಐ ಸ್ಕ್ಯಾನ್ ಬೇಕೇ ಅಂತಲೂ ಯೋಚಿಸಿ ಎಂದು ವೈದ್ಯರಲ್ಲಿ ಕೇಳಿಕೊಳ್ಳುತ್ತೇನೆ. ಎನ್‌ಎಫ್‌2 ಎಂಬ ವಂಶವಾಹಿ ಕಾಯಿಲೆಯಲ್ಲಿ ಸಾಮಾನ್ಯವಾಗಿ ಎರಡೂ ಕಿವಿಯ ನರಗಳ ಮೇಲೆ ಗೆಡ್ಡೆ ಬೆಳೆಯುತ್ತದೆ, ಆದರೆ ಶುರುವಿನಲ್ಲಿ ಒಂದೇ ಕಿವಿ ಮಂದವಾಗಬಹುದು. ಅದು ಕ್ಯಾನ್ಸರ್ ಅಲ್ಲ, ಆದರೂ ಜೀವಕ್ಕೆ ಅಪಾಯ.

ಯಾರಿಗೆ ಈ ಕಾಯಿಲೆ ಜೋರಾಗಬಹುದು ಅನ್ನೋದಕ್ಕೆ ಸುಳಿವುಗಳಿವೆ. ಚಿಕ್ಕ ವಯಸ್ಸಿನಲ್ಲೇ ಶುರುವಾದರೆ, ಮೆದುಳಿನ ಹೊದಿಕೆಯಲ್ಲೂ ಗೆಡ್ಡೆ ಅಂದರೆ ಮೆನಿಂಜಿಯೋಮಾ ಇದ್ದರೆ ಅಪಾಯ ಜಾಸ್ತಿ. ಈ ಕಾಯಿಲೆಗೆ ಕಾರಣವಾದ, 22ನೇ ಕ್ರೋಮೋಸೋಮ್‌ನಲ್ಲಿರುವ ಜೀನ್ ಯಾವ ರೀತಿ ಕೆಟ್ಟಿದೆ ಅನ್ನೋದೂ ಮುಖ್ಯ. ಮಕ್ಕಳಲ್ಲಿ ಕಿವಿಗಿಂತ ಮೊದಲೇ ಕಣ್ಣಿನ ಪೊರೆ, ಚರ್ಮದ ಗಂಟು ಅಥವಾ ಮುಖದ ಒಂದು ಕಡೆ ಸೋಲುವುದು ಕಾಣಿಸಬಹುದು, ಇದನ್ನು ಕಣ್ಣಿನ ಡಾಕ್ಟರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು ಅಲ್ವಾ? ಸುಮಾರು ಅರ್ಧದಷ್ಟು ರೋಗಿಗಳ ತಂದೆತಾಯಿಗೆ ಈ ಕಾಯಿಲೆ ಇರುವುದೇ ಇಲ್ಲ, ಅವರಲ್ಲಿ ಜೀನ್ ಹೊಸದಾಗಿ ಕೆಟ್ಟಿರುತ್ತದೆ, ಹಾಗಾಗಿ ‘ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ’ ಅಂತ ನಿರಾಳವಾಗಬೇಡಿ.

ಅನುಭವವಿರುವ ತಜ್ಞ ಕೇಂದ್ರಗಳಲ್ಲಿ ಚಿಕಿತ್ಸೆ ಪಡೆದವರಿಗೆ ಸಾವಿನ ಅಪಾಯ ಕಡಿಮೆ ಎಂದು ಬ್ರಿಟನ್‌ನ ರೋಗಿಗಳ ಮೇಲಿನ ಅಧ್ಯಯನ 2002ರಲ್ಲೇ ತೋರಿಸಿತು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಕಿವಿ, ಕಣ್ಣು, ನರ, ಜೀನ್ ತಜ್ಞರು ಒಟ್ಟಿಗೆ ಕೂತು ನೋಡುವ ಕ್ಲಿನಿಕ್ ತೆರೆಯಲಿ.