ಸುವಾರ್ತೆ ಹಂಚುವ ಬಗ್ಗೆ ಎರಡು ಮಾತು

ಪ್ರಿಯ ಸದಸ್ಯರೇ,

ಸುವಾರ್ತೆಯನ್ನು, ಅಂದರೆ ಯೇಸುವಿನ ಶುಭಸಂದೇಶವನ್ನು, ಹಂಚಲು ಬಹಿರಂಗ ಬೋಧನೆ ಒಳ್ಳೆಯದೋ ಆಪ್ತ ಒಡನಾಟವೋ ಎಂಬ ಚರ್ಚೆ ನಮ್ಮ ಗುಂಪಿನಲ್ಲಿ ಕಾವೇರಿದೆ. ಒಂದನ್ನು ಎತ್ತಿಹಿಡಿಯಲು ಇನ್ನೊಂದನ್ನು ಹಳಿಯುವುದು ಬೇಡ. ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದುಬಂದ ಪಂಚಾಶತ್ತಮ ಹಬ್ಬದ ದಿನದಂದು ಯೇಸುವಿನ ಶಿಷ್ಯ ಪೇತ್ರನು ಜನರ ಮುಂದೆ ನಿಂತು ಮಾತನಾಡಿದಾಗ ಸುಮಾರು 3,000 ಮಂದಿ ಕ್ರೈಸ್ತ ಸಭೆಗೆ ಸೇರಿದರು. ಆದರೆ ಆ ಪೇತ್ರನನ್ನೇ ಯೇಸುವಿನ ಬಳಿಗೆ ಕರೆತಂದವನು ಅವನ ಸಹೋದರ ಅಂದ್ರೆಯ, ಯಾವ ಭಾಷಣವೂ ಇಲ್ಲದೆ. ಆದಿ ಸಭೆಯ ಬೋಧಕ ಅಪೊಲ್ಲೋಸನಂತೂ ಯೆಹೂದ್ಯರ ಸಭಾಮಂದಿರದಲ್ಲಿ ಎದೆಗಾರಿಕೆಯಿಂದ ಮಾತನಾಡುತ್ತಿದ್ದ ವಾಗ್ಮಿ. ಅವನ ತಿಳಿವಳಿಕೆಯಲ್ಲಿದ್ದ ಕೊರತೆಯನ್ನು ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿ ಎಲ್ಲರೆದುರು ಎತ್ತಾಡಲಿಲ್ಲ. ಪ್ರತ್ಯೇಕವಾಗಿ ಕರೆದು ವಿವರಿಸಿದರು.

ನನ್ನ ಒಲವು ಒಡನಾಟದ ಕಡೆಗೇ. ಧ್ವನಿವರ್ಧಕದ ಹಿಂದೆ ನಿಂತವನಿಗೆ ಎದುರಿನವರ ಪ್ರಶ್ನೆ ಕೇಳಿಸುವುದು ಕಷ್ಟ. ಕಾಯಿಲೆಯವರ ಹಾಸಿಗೆಯ ಪಕ್ಕ ಕುಳಿತವನಿಗೆ “ದೇವರಿದ್ದರೆ ನನಗೇಕೆ ಹೀಗೆ?” ಎಂಬುದು ನೇರವಾಗಿ ಕಿವಿಗೆ ಬೀಳುತ್ತದೆ. ಆಗ ವಚನ ಒಪ್ಪಿಸುವ ಆತುರ ಬೇಡ, ಸುಮ್ಮನೆ ಕುಳಿತರೂ ಸಾಕು. ಹಾಗೆಂದು ಮತಾಂತರದ ಲೆಕ್ಕ ಹಾಕಿಕೊಂಡು ಬೆಳೆಸಿದ್ದು ಗೆಳೆತನವೇ ಅಲ್ಲ. ಜನ ಅದನ್ನು ಬೇಗ ಗುರುತಿಸುತ್ತಾರೆ, ಗುರುತಿಸಲೂ ಬೇಕು.

ಇನ್ನು ವಿನಂತಿ: ಕೇಳದವರ ಮೊಬೈಲಿಗೆ ಬೋಧನೆಯ ವಿಡಿಯೊ ಕಳುಹಿಸಬೇಡಿ. ಗೆಳೆಯರು ನಂಬಿ ಹೇಳಿಕೊಂಡ ಕಷ್ಟಗಳನ್ನು, ಪ್ರಾರ್ಥನೆಗೆಂದೇ ಆದರೂ, ಅವರ ಒಪ್ಪಿಗೆಯಿಲ್ಲದೆ ಇಲ್ಲಿ ಹಾಕಬೇಡಿ.